ಸೈಟು ಕೊಡಿಸುವ ಏಜೆಂಟ್ ರೇರಾ ನಂಬರ್ ತೋರಿಸಿದರೆ ಮೊದಲು ಅದರಲ್ಲಿ 'ಎಜಿ' ಇದೆಯಾ ನೋಡಿ

ನೆಲಮಂಗಲ ಕಡೆ ಸೈಟು ಕೊಡಿಸ್ತೀನಿ ಅಂತ ಬಂದ ಏಜೆಂಟ್ ನಮ್ಮ 50,000 ರೂಪಾಯಿ ಟೋಕನ್ ನುಂಗಿ ಕೂತಿದ್ದಾನೆ. ಸಾಲ ಆಗದಿದ್ದರೆ ಪೂರ್ತಿ ವಾಪಸ್ ಅಂತ ಅವನೇ ಹೇಳಿದ್ದು. ಬ್ಯಾಂಕಿನವರು ಆಗಲ್ಲ ಅಂದರು. ಈಗ ಕೇಳಿದರೆ "ಅದು ನನ್ನ ಸರ್ವಿಸ್ ಚಾರ್ಜ್ ಮೇಡಂ" ಅನ್ನುತ್ತಾನೆ!

ಅವನ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಕೆಳಗೇ ದಪ್ಪ ಅಕ್ಷರದಲ್ಲಿ 'ರೇರಾ ಅಪ್ರೂವ್ಡ್' ಅಂತಿದೆ. ರೇರಾ ಅಂದರೆ ಸೈಟು, ಫ್ಲಾಟು ವ್ಯವಹಾರದ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ. ಅದರ ಕೆಳಗೆ ಉದ್ದದ ನಂಬರ್. ಯಾರು ನೋಡಿದರೂ ಲೈಸೆನ್ಸ್ ಇರುವ ಏಜೆಂಟ್ ಅಂತಲೇ ಅಂದುಕೊಳ್ಳಬೇಕು, ಹಾಗೇ ಮಾಡಿಸಿದ್ದಾನೆ. ದೂರು ಕೊಡೋಣ ಅಂತ ಕರ್ನಾಟಕ ರೇರಾ ವೆಬ್‌ಸೈಟಿನ ಏಜೆಂಟರ ಪಟ್ಟಿಯಲ್ಲಿ ಹುಡುಕಿದೆ. ಇವನ ಹೆಸರೇ ಇಲ್ಲ. ಅದೇ ನಂಬರನ್ನು ಪ್ರಾಜೆಕ್ಟುಗಳ ಪಟ್ಟಿಯಲ್ಲಿ ಹಾಕಿದೆ, ಲೇಔಟಿನ ಹೆಸರು ಬಂತು. ಅದು ಲೇಔಟಿನ ನಂಬರ್, ಇವನದ್ದಲ್ಲ! ಮತ್ತೆ ಕಾರ್ಡ್ ಹಿಡಿದು ನೋಡಿದೆ. ನಂಬರಿನ ನಡುವೆ 'ಪಿಆರ್' ಅಂತಿದೆ. ಅದು ಪ್ರಾಜೆಕ್ಟಿನ ಗುರುತು. ಏಜೆಂಟರದ್ದಾದರೆ ಅಲ್ಲಿ 'ಎಜಿ' ಇರುತ್ತದೆ. ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಿ ಹೇಳೋಕೂ ನಾಚಿಕೆ.

ಫೋನ್ ಮಾಡಿದೆ. "ಅದೂ ರೇರಾ ನಂಬರೇ ಅಲ್ವಾ ಮೇಡಂ?" ಅಂದ. ನಿಮ್ಮ ಸ್ವಂತದ್ದು ಕೊಡಿ ಅಂದೆ. "ನಾನು ಬಿಲ್ಡರ್ ಕಡೆಯವನು, ನನಗೆ ಬೇರೆ ಯಾಕೆ?" ಬಿಲ್ಡರ್ ಆಫೀಸಿಗೆ ಕೇಳಿದರೆ "ಅವರು ನಮ್ಮ ಸ್ಟಾಫ್ ಅಲ್ಲ" ಅಂದರು. ಹಾಗಾದರೆ ನಮ್ಮ ದುಡ್ಡು ತಗೊಂಡವನು ಯಾರು?

ಕಾನೂನು ಸ್ಪಷ್ಟವಾಗಿದೆ. 2016ರ ರೇರಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟಿನ ಸೈಟು, ಫ್ಲಾಟು ಕೊಡಿಸಬೇಕಾದರೆ ಏಜೆಂಟ್ ತಾನೂ ನೋಂದಣಿ ಮಾಡಿಸಿರಬೇಕು. ಮಾಡಿಸುವ ಪ್ರತಿ ವ್ಯವಹಾರದಲ್ಲೂ ಆ ನಂಬರ್ ಹಾಕಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ಅದು ಆಸ್ತಿ ಬೆಲೆಯ ಶೇ. 5ರವರೆಗೂ ಏರಬಹುದು. ಇದನ್ನೇ ಅವನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ರಾತ್ರಿ ಮೆಸೇಜ್: "ಅರ್ಧ ಕೊಡ್ತೀನಿ, ಕಂಪ್ಲೇಂಟ್ ಬೇಡ." ಅರ್ಧ ಯಾಕೆ? ದುಡ್ಡು ನಮ್ಮದು. ಪೂರ್ತಿ ನಮ್ಮದು.

ಟೋಕನ್ ಕೊಡುವ ಮೊದಲೇ ಏಜೆಂಟರ ಸ್ವಂತ ನಂಬರ್ ಕೇಳಿ. ಹೆಸರು ಹೊಂದುತ್ತಾ, ಅವಧಿ ಮುಗಿದಿದೆಯಾ ನೋಡಿ, ನೋಂದಣಿ 5 ವರ್ಷಕ್ಕೆ ಮಾತ್ರ. ಏಜೆಂಟ್ ಖಾತೆಗೆ ಸೈಟಿನ ದುಡ್ಡು ಹಾಕಲೇಬೇಡಿ. ನೋಂದಣಿ ಇಲ್ಲದವನ ಮೇಲೂ ರೇರಾಗೆ ದೂರು ಕೊಡಬಹುದು, ನಾನು ಕೊಡುತ್ತಿದ್ದೇನೆ. ನೆಲಮಂಗಲ ಕಡೆ ಸೈಟು ನೋಡುತ್ತಿರುವವರು ನಿಮ್ಮ ಹತ್ತಿರ ಇರುವ ಕಾರ್ಡನ್ನು ಈಗಲೇ ತೆಗೆದು ನೋಡಿ.