ದೊಡ್ಡ ಸೌಂಡ್‌ಬಾರ್ ಸೆಟ್, ದಾವಣಗೆರೆಯ ಹಾಲ್: ವಾರಂಟಿ ಮುಗಿದ ಮೇಲೆ ಬರೆಯುತ್ತಿರುವ ವಿಮರ್ಶೆ

ಲಕ್ಷ ರೂಪಾಯಿ ಆಸುಪಾಸಿನ ಹೋಂ ಥಿಯೇಟರ್ ಸೌಂಡ್‌ಬಾರ್ ತಗೊಳ್ಳುವ ಯೋಚನೆ ಇದ್ದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಬ್‌ವೂಫರ್ (ಬೇಸ್, ಅಂದರೆ ತಗ್ಗಿನ ದಪ್ಪ ಸದ್ದಿಗೆ ಅಂತಲೇ ಇರುವ ಸ್ಪೀಕರ್) ಗುಡುಗಿಗೆ ಮರುಳಾಗಬೇಡಿ. ಕಡಿಮೆ ವಾಲ್ಯೂಮ್‌ನಲ್ಲಿ ಮಾತು ಎಷ್ಟು ಸ್ಪಷ್ಟವಾಗಿ ಕೇಳುತ್ತದೆ ಅಂತ ನೋಡಿ. ನಮ್ಮ ಸೆಟ್‌ನ ವಾರಂಟಿ ಮುಗಿದು ಕೆಲವು ತಿಂಗಳಾಯಿತು. ದಿನಾ ಬಳಸುತ್ತಿದ್ದೇವೆ. ದಿನ ಕಳೆದ ಹಾಗೆ ನನ್ನ ಈ ಅಭಿಪ್ರಾಯ ಇನ್ನೂ ಗಟ್ಟಿಯಾಗಿದೆ.

ಸೆಟ್ 11.1.4. ಅಂದರೆ ಕಿವಿಯ ಮಟ್ಟದಲ್ಲಿ 11 ಚಾನೆಲ್ (ಇಲ್ಲಿ ಚಾನೆಲ್ ಅಂದರೆ ಬೇರೆ ಬೇರೆಯಾಗಿ ಕಳಿಸುವ ಒಂದೊಂದು ಧ್ವನಿ), ಒಂದು ಸಬ್‌ವೂಫರ್, ಛಾವಣಿ ಕಡೆ ಮುಖ ಮಾಡಿದ 4 ಚಾನೆಲ್. ಟಿವಿ ಕೆಳಗೆ ಉದ್ದನೆಯ ಬಾರ್, ಗೋಡೆ ಪಕ್ಕ ಸಬ್, ಸೋಫಾ ಹಿಂದೆ ಎರಡು ಸ್ಪೀಕರ್. ಕಂಪನಿ ಹೆಸರು ಬೇಕಂತಲೇ ಬರೆದಿಲ್ಲ. ಈ ದರ್ಜೆಯ ಸೆಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಕೆಲಸ ಮಾಡುತ್ತವೆ, ನಾನು ಹೇಳುವುದರಲ್ಲಿ ಬಹುಪಾಲು ಯಾವುದಕ್ಕಾದರೂ ಹೊಂದುತ್ತದೆ.

ನಮ್ಮ ಮನೆ ವಿದ್ಯಾನಗರದ ಕಡೆ. ಹಾಲ್‌ಗೆ ಆರ್‌ಸಿಸಿ ಛಾವಣಿ, ಎತ್ತರ 10 ಅಡಿ, ನೆಲಕ್ಕೆ ಟೈಲ್ಸ್, ಒಂದು ಕಡೆ ಅಡುಗೆಮನೆಗೆ ಬಾಗಿಲಿಲ್ಲದ ಕಮಾನು. ನಮ್ಮ ಕಡೆ ಹೊಸ ಮನೆಗಳು ಬಹಳಷ್ಟು ಹೀಗೇ ಇರುತ್ತವೆ, ಅಲ್ವಾ. ಇಂಥ ಹಾಲ್‌ನಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಮೊಳಗುತ್ತದೆ. ಆ ಮೊಳಗು ಮೊದಲು ಕೆಡಿಸುವುದೇ ಮಾತನ್ನು. ಸೋಫಾ ಮುಂದೆ ದಪ್ಪ ಜಮಖಾನೆ ಹಾಸಿ, ಕಿಟಕಿಗೆ ದಪ್ಪ ಬಟ್ಟೆಯ ಪರದೆ ಹಾಕಿದೆವು. ಸೆಟ್‌ನ ಯಾವ ಸೆಟ್ಟಿಂಗ್ ಬದಲಿಸಿದಾಗಲೂ ಇಷ್ಟು ವ್ಯತ್ಯಾಸ ಆಗಿರಲಿಲ್ಲ.

ನಮ್ಮ ಟಿವಿಯಲ್ಲಿ ದಿನಾ ಓಡುವುದು ಅಟ್ಮಾಸ್ (ತಲೆ ಮೇಲಿನಿಂದಲೂ ಸದ್ದು ಕೇಳಿಸುವ ಡಾಲ್ಬಿ ಕಂಪನಿಯ ತಂತ್ರ) ಸಿನಿಮಾ ಅಲ್ಲ. ಸಂಜೆ ಅಪ್ಪಾಜಿಗೆ ಸುದ್ದಿ, ಆಮೇಲೆ ಅಮ್ಮನ ಧಾರಾವಾಹಿ, ಸೀಸನ್ ಬಂದರೆ ಕ್ರಿಕೆಟ್. ದೊಡ್ಡ ಸಿನಿಮಾ ವಾರಕ್ಕೆ ಒಂದು ಆದರೆ ಹೆಚ್ಚು. ಹಾಗಾಗಿ ಈ ಸೆಟ್ ದುಡ್ಡಿಗೆ ಸರಿಯೋ ಅಲ್ಲವೋ ಅಂತ ನಿಜವಾಗಿ ತೀರ್ಮಾನ ಆಗುವುದು ಸುದ್ದಿ ಓದುವವರ ದನಿ ಮತ್ತು ಧಾರಾವಾಹಿಯ ಪಿಸುಮಾತಿನಲ್ಲಿ. ತೆಳು ಟಿವಿಗಳ ಸ್ಪೀಕರ್ ಕೆಳಕ್ಕೋ ಹಿಂದಕ್ಕೋ ತಿರುಗಿರುತ್ತದೆ, ಗೋಡೆಗೆ ಬಡಿದ ಮಾತು ನಮಗೆ ಕೇಳುತ್ತದೆ. ಬಾರ್‌ನ ನಡುವೆ ಮಾತಿಗೆ ಅಂತಲೇ ಒಂದು ಚಾನೆಲ್ ಇದೆ, ಅದು ನೇರ ಸೋಫಾ ಕಡೆ ಮುಖ ಮಾಡಿದೆ. ಅಪ್ಪಾಜಿಗೆ ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ. ಮೊದಲು ಟಿವಿ ಸದ್ದು ಬೀದಿಗೆ ಕೇಳುವಷ್ಟು ಇಡುತ್ತಿದ್ದರು. ಈಗ ಅದರ ಅರ್ಧಕ್ಕಿಂತ ಕಡಿಮೆಯಲ್ಲಿ ಕೂತು, "ಏನಂತಾರೆ ಅನ್ನೋದು ಈಗ ತಿಳೀತದೆ ನೋಡಪ್ಪ" ಅನ್ನುತ್ತಾರೆ. ನನಗೆ ಇದೊಂದೇ ಸಾಕು.

ಆದರೆ ಇದು ತಾನಾಗಿ ಆಗುವುದಿಲ್ಲ. ಸೆಟ್‌ಟಾಪ್ ಬಾಕ್ಸ್‌ನಿಂದ ಬರುವ ಎಷ್ಟೋ ಟಿವಿ ಚಾನೆಲ್‌ಗಳ ಧ್ವನಿ ಬರೀ ಸ್ಟೀರಿಯೊ, ಅಂದರೆ ಎಡ, ಬಲ ಎರಡೇ. ಸರೌಂಡ್ ಮೋಡ್ ಹಾಕಿದರೆ ಬಾರ್ ಆ ಎರಡು ಧ್ವನಿಯನ್ನೇ ಎಲ್ಲಾ ಸ್ಪೀಕರ್‌ಗೂ ಹಂಚುತ್ತದೆ. ಸುದ್ದಿ ಓದುವವರು ಸೋಫಾ ಹಿಂದಿನಿಂದಲೂ ಓದಿದಂತೆ ಆಗುತ್ತದೆ. ಸುದ್ದಿಗೆ ಸ್ಟ್ಯಾಂಡರ್ಡ್ ಮೋಡ್ ಹಾಕಿ, ಮಾತು ಎತ್ತುವ ಆಯ್ಕೆ ಆನ್ ಮಾಡಿ. ರಾತ್ರಿ ಹತ್ತರ ಮೇಲೆ ನೈಟ್ ಮೋಡ್. ಅದು ಜೋರು ಸದ್ದನ್ನು ತಗ್ಗಿಸಿ ಮೆಲ್ಲನೆಯ ಸದ್ದನ್ನು ಏರಿಸುತ್ತದೆ, ಮಕ್ಕಳು ಮಲಗಿರುವಾಗ ಫೈಟ್ ಸೀನ್ ಬಂದರೂ ರಿಮೋಟ್ ಹುಡುಕಿಕೊಂಡು ಓಡಬೇಕಿಲ್ಲ. ಅಮ್ಮನಿಗೆ ಈ ಮೂರು ಬಟನ್ ಮಾತ್ರ ತೋರಿಸಿಕೊಟ್ಟಿದ್ದೇನೆ.

ಇನ್ನು ಅಟ್ಮಾಸ್. ಡಾಲ್ಬಿ ಇದನ್ನು ಥಿಯೇಟರ್‌ಗಳಿಗೆ ತಂದಿದ್ದು 2012ರಲ್ಲಿ. ಥಿಯೇಟರ್‌ನಲ್ಲಿ ತಲೆ ಮೇಲೆ ನಿಜವಾದ ಸ್ಪೀಕರ್ ಇರುತ್ತವೆ. ಬಾರ್‌ನಲ್ಲಿ ಹಾಗಲ್ಲ, ಮೇಲ್ಮುಖದ ಸ್ಪೀಕರ್ ಸದ್ದನ್ನು ಛಾವಣಿಗೆ ಹೊಡೆದು ಅದು ವಾಪಸ್ ಬರುವ ಹಾಗೆ ಮಾಡುತ್ತದೆ. ಹಾಗಾಗಿ ಛಾವಣಿ ಸಪಾಟಾಗಿರಬೇಕು, ಗಟ್ಟಿ ಇರಬೇಕು, 8ರಿಂದ 12 ಅಡಿ ಎತ್ತರ ಇದ್ದರೆ ಒಳ್ಳೆಯದು. ನಮ್ಮ ಆರ್‌ಸಿಸಿ ಹಾಲ್‌ಗೆ ಇದು ಚೆನ್ನಾಗಿ ಹೊಂದಿತು. ಮಳೆಯ ದೃಶ್ಯದಲ್ಲಿ ಸದ್ದು ನಿಜಕ್ಕೂ ಮೇಲಿನಿಂದ ಬರುತ್ತದೆ. ಚಿತ್ರದುರ್ಗದಲ್ಲಿ ಮಾವನವರದು ಹಳೇ ಮಾಳಿಗೆ ಮನೆ, ತೊಲೆ, ಜಂತೆ ಎಲ್ಲಾ ಇರುವಂಥದ್ದು. ಅವರು ಇದೇ ಸೆಟ್ ತರಿಸಲಾ ಅಂತ ಕೇಳಿದಾಗ ಬೇಡ ಅಂದೆ. ಅಲ್ಲಿ ಸದ್ದು ಜಂತೆಗಳ ನಡುವೆ ಚದುರಿಹೋಗುತ್ತದೆ. ಹಂಚಿನ ಇಳಿಜಾರು ಮಾಡಿಗೂ ಇದೇ ಮಾತು. ಅಂಥ ಮನೆಗೆ ಹಿಂದೆ ಸ್ಪೀಕರ್ ಇರುವ 5.1 ಸೆಟ್ ಸಾಕು, ಮಿಕ್ಕ ದುಡ್ಡು ಉಳಿಯುತ್ತದೆ.

ಮತ್ತೊಂದು ವಿಷಯ ಯಾವ ರಿವ್ಯೂನಲ್ಲೂ ನನಗೆ ಸಿಗಲಿಲ್ಲ. ಫ್ಯಾನ್! ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರಲ್ಲಿ ಫ್ಯಾನ್ ಪೂರ್ತಿ ಜೋರಾಗಿ ತಿರುಗದೆ ಹಾಲ್‌ನಲ್ಲಿ ಕೂರಲು ಆಗುವುದಿಲ್ಲ. ಆ ಸದ್ದಿನಡಿ ಎಲೆ ಅಲುಗುವುದು, ದೂರದ ಹೆಜ್ಜೆ ಸಪ್ಪಳ, ಮೇಲಿನಿಂದ ಬರುವ ಸಣ್ಣಪುಟ್ಟ ಸದ್ದು ಎಲ್ಲಾ ಮುಚ್ಚಿಹೋಗುತ್ತದೆ. ಹಾಗಂತ ವಾಲ್ಯೂಮ್ ಏರಿಸಿದರೆ ಫೈಟ್ ಸೀನ್‌ನಲ್ಲಿ ಕಿವಿ ನೋಯುತ್ತದೆ. ಇದೇ ಸೆಟ್ ಡಿಸೆಂಬರ್ ರಾತ್ರಿ ಫ್ಯಾನ್ ಆಫ್ ಮಾಡಿ ಕೇಳಿದರೆ ಬೇರೆಯೇ ಸೆಟ್ ಅನ್ನಿಸುತ್ತದೆ. ದುಡ್ಡು ಹಾಕುವ ಮೊದಲು ನಿಮ್ಮ ಫ್ಯಾನ್ ಎಷ್ಟು ಸದ್ದು ಮಾಡುತ್ತದೆ ನೋಡಿಕೊಳ್ಳಿ. ಹಳೇ ಫ್ಯಾನ್ ತೆಗೆದು ಸದ್ದು ಕಡಿಮೆ ಇರುವ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದ್ದು ನಮಗಂತೂ ಒಳ್ಳೇದಾಯಿತು.

ಶೋಕೇಸ್ ಇರುವವರು ಗಮನ ಕೊಡಿ. ಟಿವಿಗೆ ಅಂತ ಗೋಡೆಯಲ್ಲಿ ಗೂಡು ಮಾಡಿಸಿರುತ್ತೇವಲ್ಲ, ಬಾರ್ ಅದರೊಳಗೆ ಇಟ್ಟರೆ ಮೇಲಿನ ಹಲಗೆ ಮೇಲ್ಮುಖದ ಸ್ಪೀಕರ್‌ಗೆ ಅಡ್ಡ, ಪಕ್ಕದ ಹಲಗೆ ಪಕ್ಕದ ಸ್ಪೀಕರ್‌ಗೆ ಅಡ್ಡ. ನಾವು ಬಡಗಿ ಕರೆಸಿ ಶೋಕೇಸ್ ಹೊರಗೆ ಉದ್ದನೆಯ ಹಲಗೆ ಕೂರಿಸಿದೆವು.

ಟಿವಿಗೆ ಜೋಡಿಸುವುದು ಕಷ್ಟ ಅಲ್ಲ. ಎಚ್‌ಡಿಎಂಐ ಕೇಬಲ್ಲನ್ನು ಎಆರ್‌ಸಿ ಅಥವಾ ಇ-ಎಆರ್‌ಸಿ ಅಂತ ಬರೆದಿರುವ ಕಿಂಡಿಗೇ (ಟಿವಿಯ ಧ್ವನಿ ಬಾರ್‌ಗೆ ಹೋಗುವುದು ಇದರಿಂದಲೇ) ಹಾಕಬೇಕು, ಟಿವಿಯ ಧ್ವನಿ ಸೆಟ್ಟಿಂಗ್‌ನಲ್ಲಿ ಪಾಸ್‌ಥ್ರೂ (ಧ್ವನಿಯನ್ನು ಬದಲಿಸದೆ ಹಾಗೇ ಕಳಿಸುವುದು) ಆಯ್ಕೆ ಮಾಡಬೇಕು. ಆಪ್ಟಿಕಲ್ ಕೇಬಲ್ ಹಾಕಿದರೆ ಅಟ್ಮಾಸ್ ಬರುವುದೇ ಇಲ್ಲ. ಟಿವಿ ಸ್ವಲ್ಪ ಹಳೇದಾಗಿದ್ದು ಬರೀ ಎಆರ್‌ಸಿ ಇದ್ದರೆ ಚಿಂತೆ ಬೇಡ. ಒಟಿಟಿಯ ಅಟ್ಮಾಸ್ ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್ ಪ್ಲಸ್ ಅನ್ನುವ, ಕುಗ್ಗಿಸಿದ ಧ್ವನಿ ರೂಪದಲ್ಲಿ ಬರುತ್ತದೆ, ಅದನ್ನು ಎಆರ್‌ಸಿ ಕೂಡ ಸಾಗಿಸಬಲ್ಲದು. ಬ್ಲೂ-ರೇ ಡಿಸ್ಕ್‌ನ ಟ್ರೂಎಚ್‌ಡಿ (ಗುಣಮಟ್ಟ ಕಳೆದುಕೊಳ್ಳದ ಧ್ವನಿ) ಬೇಕು ಅನ್ನುವವರಿಗೆ ಮಾತ್ರ ಇ-ಎಆರ್‌ಸಿ ಬೇಕು, ಇಲ್ಲವೇ ಪ್ಲೇಯರನ್ನು ನೇರ ಬಾರ್‌ಗೆ ಜೋಡಿಸಬೇಕು.

ಸಬ್‌ವೂಫರ್ ಬಗ್ಗೆ ಜಾಸ್ತಿ ಹೇಳಬೇಕು. ಅಂಗಡಿ ಹುಡುಗರು ಬಂದು ಜೋಡಿಸುವಾಗ ಅದನ್ನು ಮೂಲೆಗೆ ತಳ್ಳಿ ಹೋಗುತ್ತಾರೆ. ಮೂಲೆಯಲ್ಲಿ ಬೇಸ್ ಉಬ್ಬುತ್ತದೆ. ಸೋಫಾದ ಒಂದು ತುದಿಯಲ್ಲಿ ಎದೆ ಬಡಿಯುವಷ್ಟು, ಇನ್ನೊಂದು ತುದಿಯಲ್ಲಿ ಏನೂ ಇಲ್ಲ. ಕಾರಣ ಇದೆ. 50 ಹರ್ಟ್ಸ್ (ಸೆಕೆಂಡಿಗೆ 50 ಸಲ ಕಂಪಿಸುವ) ಸದ್ದಿನ ಅಲೆಯ ಉದ್ದವೇ ಸುಮಾರು 22 ಅಡಿ. ನಮ್ಮ ಹಾಲ್‌ಗಳ ಅಳತೆಯೂ ಅದರ ಆಸುಪಾಸು ಇರುವುದರಿಂದ ಗೋಡೆಗೆ ಬಡಿದು ವಾಪಸ್ ಬಂದ ಅಲೆ ಒಂದು ಕಡೆ ಕೂಡಿಕೊಳ್ಳುತ್ತದೆ, ಇನ್ನೊಂದು ಕಡೆ ಒಂದನ್ನೊಂದು ಅಳಿಸುತ್ತದೆ. ಇದಕ್ಕೆ ಒಳ್ಳೆಯ ಉಪಾಯ ಇದೆ. ಸಬ್ಬನ್ನು ನೀವು ಕೂರುವ ಜಾಗದಲ್ಲೇ ಇಡಿ. ಬೇಸ್ ಇರುವ ಹಾಡು ಹಾಕಿ. ಗೋಡೆ ಪಕ್ಕ ನಿಧಾನವಾಗಿ ಬಗ್ಗಿ ನಡೆಯುತ್ತಾ ಕೇಳಿ. ಎಲ್ಲಿ ಬೇಸ್ ಹದವಾಗಿ, ಒಂದೇ ಸಮ ಕೇಳುತ್ತದೋ ಸಬ್ಬನ್ನು ಅಲ್ಲಿಗೆ ಎತ್ತಿಡಿ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬರುತ್ತದೆ ಅಂತ ಕಿವಿಗೆ ತಿಳಿಯುವುದಿಲ್ಲ, ಆದ್ದರಿಂದ ಸಬ್ ಪಕ್ಕದ ಗೋಡೆಗಿದ್ದರೂ ನಡೆಯುತ್ತದೆ. ನಮ್ಮದು ಈಗ ಮೂಲೆಯಿಂದ ದೂರ ಇದೆ. ಕೆಳಗೆ ದಪ್ಪ ರಬ್ಬರ್ ಶೀಟ್ ಹಾಕಿದ್ದೇವೆ. ಆದರೂ ಅಡುಗೆಮನೆ ಸ್ಟ್ಯಾಂಡಿನ ಸ್ಟೀಲ್ ತಟ್ಟೆಗಳು ಒಂದೊಂದು ಸಲ ಗಲಗಲ ಅನ್ನುತ್ತವೆ, ಶೋಕೇಸ್ ಗಾಜಿಗೆ ಸಣ್ಣ ರಬ್ಬರ್ ತುಂಡು ಸಿಕ್ಕಿಸಬೇಕಾಯಿತು. ಪಕ್ಕದ ಮನೆಗೂ ನಮಗೂ ಗೋಡೆ ಹತ್ತಿರ. ಅಲ್ಲಿ ಓದುವ ಮಕ್ಕಳಿದ್ದಾರೆ, ಪರೀಕ್ಷೆ ಸಮಯದಲ್ಲಿ ಸಬ್ ಪೂರ್ತಿ ಕೆಳಗಿಳಿಸಿಬಿಡುತ್ತೇವೆ. ಗಣಪತಿ ಮೆರವಣಿಗೆಯ ಡಿಜೆ ತರ ಬೇಕು ಅನ್ನುವವರು ದಯವಿಟ್ಟು ಅಕ್ಕಪಕ್ಕದವರನ್ನು ನೆನೆಸಿಕೊಳ್ಳಿ.

ವೈರ್‌ಲೆಸ್ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಬಾರ್‌ನಿಂದ ಧ್ವನಿ ತರುವ ವೈರ್ ಇಲ್ಲ, ಅಷ್ಟೇ. ಬಾರ್, ಸಬ್, ಹಿಂದಿನ ಎರಡು ಸ್ಪೀಕರ್ ಸೇರಿ ನಾಲ್ಕು ಪ್ಲಗ್ ಬೇಕು. ಹಿಂದಿನ ಗೋಡೆಯಲ್ಲಿ ಪಾಯಿಂಟ್ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಖರ್ಚೂ ಸೇರಿಸಿಕೊಳ್ಳಿ. ಕರೆಂಟ್ ಏರಿಳಿತ ಇರುವ ಕಡೆ ಸರ್ಜ್ ಪ್ರೊಟೆಕ್ಟರ್ ಇಲ್ಲದೆ ಹಾಕಬೇಡಿ. ಯುಪಿಎಸ್ ಮೇಲೆ ಓಡಿಸುವುದಾದರೆ ಸೈನ್ ವೇವ್ ಆಗಿರಬೇಕು. ವೈಫೈ ರೂಟರ್ ಬಾರ್ ಪಕ್ಕದಲ್ಲೇ ಇದ್ದಾಗ ಹಿಂದಿನ ಸ್ಪೀಕರ್ ಧ್ವನಿ ಆಗಾಗ ತುಂಡಾಗುತ್ತಿತ್ತು. ರೂಟರನ್ನು ದೂರ ಇಟ್ಟ ಮೇಲೆ ನಿಂತಿತು.

ಒಮ್ಮೆ ಹಿಂದಿನ ಎಡ ಸ್ಪೀಕರ್ ಸತ್ತೇ ಹೋಯಿತು. ಆಗ ವಾರಂಟಿ ಇತ್ತು, ದುಡ್ಡು ಕೇಳಲಿಲ್ಲ. ಆದರೆ ಬದಲಿ ಸ್ಪೀಕರ್ ಬೆಂಗಳೂರಿನಿಂದ ಬರಬೇಕು ಅಂತ ವಾರಗಟ್ಟಲೆ ಕಾಯಿಸಿದರು. ಫೋನ್ ಮಾಡಿದಾಗೆಲ್ಲ "ಬರ್ತದೆ ಸರ್" ಅನ್ನುವ ಉತ್ತರ ಬಿಟ್ಟರೆ ಬೇರೆ ಇಲ್ಲ. ಇಷ್ಟು ದುಡ್ಡು ತಗೊಂಡು ಜಿಲ್ಲಾ ಕೇಂದ್ರದಲ್ಲಿ ಒಂದು ಬದಲಿ ಸ್ಪೀಕರ್ ಇಟ್ಟುಕೊಳ್ಳಲು ಆಗದಿರುವುದು ನನಗೆ ಬಹಳ ಬೇಜಾರು ತಂದಿತು. ಸೌಂಡ್‌ಬಾರ್‌ನ ದೊಡ್ಡ ತೊಂದರೆಯೇ ಇದು. ಬೇರೆ ಕಂಪನಿಯ ಸ್ಪೀಕರ್ ತಂದು ಸೇರಿಸಲು ಬರುವುದಿಲ್ಲ. ಎವಿ ರಿಸೀವರ್ (ಬಿಡಿ ಸ್ಪೀಕರ್‌ಗಳನ್ನು ಓಡಿಸುವ ಆಂಪ್ಲಿಫೈಯರ್ ಡಬ್ಬ) ಮತ್ತು ಬಿಡಿ ಸ್ಪೀಕರ್ ಇದ್ದಿದ್ದರೆ ಕೆಟ್ಟಿದ್ದನ್ನು ಮಾತ್ರ ಬದಲಿಸಬಹುದಿತ್ತು. ಹಾಡು ಕೇಳುವುದೇ ಮುಖ್ಯ ಅನ್ನುವವರಿಗೂ ಅದೇ ಸರಿ. ಹಳೇ ಭಾವಗೀತೆ ಹಾಕಿದರೆ ಬಾರ್‌ನಲ್ಲಿ ದನಿ ಚೆಂದ, ಆದರೆ ಎಡಬಲದ ಹರವು ಸಾಲದು. ಜಾಗ ಇಲ್ಲ, ಮನೆ ತುಂಬಾ ವೈರ್ ಬೇಡ ಅನ್ನುವವರಿಗೆ ಬಾರ್ ಸರಿ, ನಾನು ಆ ಗುಂಪಿನವನು.

ಅಂಗಡಿಗೆ ಹೋದಾಗ ಸೆಟ್ ಎಷ್ಟು ವ್ಯಾಟ್ ಶಕ್ತಿಯದು ಅನ್ನುವ ಲೆಕ್ಕ ಕೇಳಿ ತೀರ್ಮಾನ ಮಾಡಬೇಡಿ. ವ್ಯಾಟ್ ಎರಡರಷ್ಟಾದರೆ ಸದ್ದು ಏರುವುದು ಬರೀ 3 ಡೆಸಿಬಲ್, ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು ಹತ್ತರಷ್ಟು ವ್ಯಾಟ್ ಬೇಕು. ಅವರು ಹಾಕುವ ಡೆಮೊ ಫೈಟ್, ಹೆಲಿಕಾಪ್ಟರ್ ಎಲ್ಲಾ ಮುಗಿಯಲಿ. ಆಮೇಲೆ ಒಂದು ಕನ್ನಡ ಸುದ್ದಿ ಚಾನೆಲ್ ಹಾಕಿಸಿ, ವಾಲ್ಯೂಮ್ ಚೆನ್ನಾಗಿ ಇಳಿಸಿಸಿ, ಅಂಗಡಿಯ ಫ್ಯಾನ್ ಓಡುತ್ತಿರಲಿ, ಹತ್ತು ಅಡಿ ದೂರ ನಿಂತು ಕೇಳಿ. ಮನೆಯ ಹಿರಿಯರನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಅವರಿಗೆ ಪ್ರತಿ ಮಾತೂ ತಿಳಿದರೆ ಬಿಲ್ ಮಾಡಿಸಿ.