ಪ್ಲೈ ಕೊಯ್ಯೋಕೆ ಟ್ರ್ಯಾಕ್ ಸಾ ಬೇಕಾ, ಇರೋದೇ ಸಾಕಾ?

ಕಲಬುರಗಿಯಲ್ಲಿ ಮನೆಗಳ ಇಂಟೀರಿಯರ್ ಕೆಲಸ ಹಿಡಿದವರು ನೀವು. ಎಂಟು-ನಾಲ್ಕು ಅಡಿ ಶೀಟ್‌ಗೆ ಟ್ರ್ಯಾಕ್ ಸಾ (ಹಳಿಯಂಥ ಟ್ರ್ಯಾಕಿನ ಮೇಲೆ ಜಾರುವ ಗರಗಸ), ದಾರಿಗೆ ನೇರ ಪಟ್ಟಿ ಕಟ್ಟಿದ ಸರ್ಕ್ಯುಲರ್ ಸಾ (ಕೈಯಲ್ಲಿ ಹಿಡಿಯುವ ಚಕ್ರದ ಗರಗಸ), ಪ್ಲೈ ಅಂಗಡಿಯ ಪ್ಯಾನೆಲ್ ಸಾ (ಶೀಟ್ ಕೊಯ್ಯುವ ದೊಡ್ಡ ಮೆಷಿನ್), ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ.

ಮೊದಲು ಅಂಚಿನ ಮಾತು. ಸನ್ಮೈಕಾ ಅಂಟಿಸಿದ ಬೋರ್ಡ್‌ನಲ್ಲಿ ಚಕ್ಕೆ ಏಳೋದೇ ತಲೆನೋವು, ಅಲ್ವಾ? ಟ್ರ್ಯಾಕಿನ ಅಂಚಿನ ರಬ್ಬರ್ ಪಟ್ಟಿ ಬ್ಲೇಡಿನ ಪಕ್ಕದಲ್ಲೇ ಮೇಲ್ಮೈಯನ್ನು ಒತ್ತಿ ಹಿಡಿಯುತ್ತದೆ. ಪಟ್ಟಿಯ ಅಂಚನ್ನು ಗುರುತಿಗೆ ಇಟ್ಟರೆ ಕಟ್ ಅಲ್ಲೇ ಬೀಳುತ್ತದೆ. ಆಚೆ ಬದಿಗೆ ಈ ಆಸರೆ ಇಲ್ಲ, ಹಾಗಾಗಿ ಬೇಕಾದ ತುಂಡು ಟ್ರ್ಯಾಕಿನ ಕೆಳಗೇ ಇರಲಿ. ಸರ್ಕ್ಯುಲರ್ ಸಾ ಹಲ್ಲು ಕೆಳಗಿಂದ ಮೇಲಕ್ಕೆ ಕೊಯ್ಯುತ್ತದೆ. ಚಕ್ಕೆ ಏಳೋದು ಮೇಲಿನ ಮುಖದಲ್ಲಿ, ಹಾಗಾಗಿ ಒಳ್ಳೆ ಮುಖ ಕೆಳಗೆ ಮಾಡಿಕೊಳ್ಳಿ. ಪ್ಯಾನೆಲ್ ಸಾದಲ್ಲಿ ಸ್ಕೋರಿಂಗ್ ಬ್ಲೇಡ್ (ಕೆಳಮುಖವನ್ನು ಮೊದಲೇ ಗೀರುವ ಚಿಕ್ಕ ಬ್ಲೇಡ್) ಇದ್ದರೆ ಎರಡೂ ಮುಖ ನೀಟು.

ಖರ್ಚಿನಲ್ಲಿ ಸರ್ಕ್ಯುಲರ್ ಸಾ, ಅಲ್ಯೂಮಿನಿಯಂ ಪಟ್ಟಿ, ಎರಡು ಕ್ಲಾಂಪೇ ಅಗ್ಗ. ಆದರೆ ಪ್ರತಿ ಸಲ ಬ್ಲೇಡಿನಿಂದ ಪಟ್ಟಿಗೆ ಎಷ್ಟು ಅಂತರ ಅಂತ ಲೆಕ್ಕ ಹಾಕಬೇಕು. ಟ್ರ್ಯಾಕ್ ಸಾ ದುಬಾರಿ, ಎಂಟು ಅಡಿಗೆ ಉದ್ದ ಟ್ರ್ಯಾಕ್ ಅಥವಾ ಜೋಡಿಸಿದ ಎರಡು ಬೇಕು.

ಇನ್ನು ಜಾಗ. ಹೊಸ ಮನೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ದಪ್ಪ ಥರ್ಮೋಕೋಲ್ ಹಾಸಿ, ಬ್ಲೇಡ್ ಶೀಟಿನ ಕೆಳಗೆ ನಾಲ್ಕೈದು ಮಿಲಿಮೀಟರ್ ಇಳಿಯುವಂತೆ ಆಳ ಇಟ್ಟರೆ ಟ್ರ್ಯಾಕ್ ಸಾಗೆ ಅದೇ ಟೇಬಲ್. ವ್ಯಾಕ್ಯೂಮ್ ಸೇರಿಸಿದರೆ ಧೂಳೂ ಕಡಿಮೆ.

ಒಂದೇ ಅಳತೆಯ ಕಿಚನ್ ಬಾಕ್ಸ್‌ಗಳಾದರೆ ಸುಮ್ನೆ ಅಂಗಡಿಯಲ್ಲೇ ಕೊಯ್ಸಿಬಿಡಿ. ಸೇಡಂ, ಚಿತ್ತಾಪುರ ಕಡೆ ಸೈಟ್‌ನಲ್ಲೇ ಗೋಡೆಯ ವಾರೆಗೆ ತಕ್ಕಂತೆ ಕೊಯ್ಯೋದಿದ್ದರೆ ಟ್ರ್ಯಾಕ್ ಸಾಗೆ ಹಾಕಿದ ದುಡ್ಡು ದಂಡ ಅಲ್ಲ. ವರ್ಷಕ್ಕೆ ಒಂದೆರಡು ವಾರ್ಡ್‌ರೋಬ್ ಅಷ್ಟೇ ಅಂದ್ರೆ, ಸರ್ಕ್ಯುಲರ್ ಸಾಗೆ ಹೆಚ್ಚು ಹಲ್ಲಿನ ಹೊಸ ಬ್ಲೇಡ್ ಹಾಕಿಸಿ ನೋಡಿ.