40, 100, 300: ಗೇಮಿಂಗ್‌ಗೂ ಟಿವಿಗೂ ಮನೆಯ ಫೈಬರ್ ಎಷ್ಟು ಸ್ಪೀಡ್ ಇದ್ದರೆ ಸಾಕು? ಮೂರು ವರ್ಷ ಬಳಸಿದ ಮೇಲೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಿ ಮೂರು ವರ್ಷ ದಾಟಿತು. 40 ಎಂಬಿಪಿಎಸ್‌ನಿಂದ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅನ್ನುವ ಲೆಕ್ಕ) ಶುರು ಮಾಡಿ 100ಕ್ಕೆ ಬಂದೆವು. ನಡುವೆ ಕಂಪನಿಯವರು ಆಫರ್ ಕೊಟ್ಟಾಗ ಅದೇ ದುಡ್ಡಿಗೆ ಕೆಲವು ತಿಂಗಳು 300 ಕೂಡ ಓಡಿಸಿ ನೋಡಿದ್ದಾಯ್ತು. ಆಫರ್ ಮುಗಿದ ಮೇಲೆ 100ಕ್ಕೇ ವಾಪಸ್. ಇನ್ನು ಮೇಲಕ್ಕೆ ಹೋಗುವ ಯೋಚನೆ ಇಲ್ಲ. ಗೇಮ್ ಆಡುವ ಮಗ ಇದ್ದೂ ಯಾಕಿಲ್ಲ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಂಪನಿಯ ಹೆಸರು ಹಾಕುತ್ತಿಲ್ಲ. ಅದೇ ಕಂಪನಿ ಪಕ್ಕದ ಬಡಾವಣೆಯಲ್ಲಿ ಬೇರೆ ಥರ ನಡೆಯುತ್ತದೆ. ಲೈನ್ ನೋಡಿಕೊಳ್ಳುವ ಲೋಕಲ್ ಹುಡುಗರ ಮೇಲೆ ಅರ್ಧ ನಿಂತಿರುತ್ತದೆ. ನಿಮ್ಮ ಬೀದಿಯಲ್ಲಿ ಯಾವುದು ಚೆನ್ನಾಗಿದೆ ಅಂತ ನಿಮ್ಮ ಬೀದಿಯವರನ್ನೇ ಕೇಳಬೇಕು.

ಮನೆಯಲ್ಲಿ ಐದು ಜನ. ಮಗ ಸಂಜೆ ಮೇಲೆ ಲ್ಯಾಪ್‌ಟಾಪ್‌ನಲ್ಲಿ ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಆಡುತ್ತಾನೆ. ಮಗಳಿಗೆ ಯೂಟ್ಯೂಬ್. ಅಮ್ಮನಿಗೆ ಟ್ಯಾಬ್‌ನಲ್ಲಿ ಸೀರಿಯಲ್. ಹೆಂಡತಿಗೆ ಅಮೆರಿಕದವರ ಜೊತೆ ರಾತ್ರಿ ಮೀಟಿಂಗ್. ಹಾಲ್‌ನ ಟಿವಿ ಮುಂದೆ ನಾನು. ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಎಲ್ಲ ಒಟ್ಟಿಗೆ ಓಡುತ್ತವೆ. ಅದನ್ನೇ ಲೆಕ್ಕ ಹಾಕಿ ನೋಡೋಣ.

ನೆಟ್‌ಫ್ಲಿಕ್ಸ್‌ನವರೇ ಹೇಳುವ ಪ್ರಕಾರ ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ಸಾಕು, 4ಕೆಗೆ 15 ಬೇಕು. ಯೂಟ್ಯೂಬ್ 4ಕೆಗೆ 20 ಕೇಳುತ್ತದೆ. ವಿಡಿಯೋ ಮೀಟಿಂಗ್‌ಗೆ ಮೂರು ನಾಲ್ಕು. ಅಮ್ಮನ ಸೀರಿಯಲ್‌ಗೆ ಐದಕ್ಕಿಂತ ಜಾಸ್ತಿ ಬೇಡ. ಮಗಳ ಫೋನಿನ ಯೂಟ್ಯೂಬ್‌ಗೂ ಅಷ್ಟೇ. ಇನ್ನು ಗೇಮ್? ಆಡುವಾಗ ಒಂದೆರಡು ಎಂಬಿಪಿಎಸ್ ತಿಂದರೆ ಹೆಚ್ಚು. ನೀವು ಎಲ್ಲಿ ನಿಂತಿದ್ದೀರಿ, ಎತ್ತ ಗುಂಡು ಹಾರಿಸಿದಿರಿ ಅನ್ನುವಷ್ಟು ಮಾಹಿತಿ ಹೋಗಿ ಬಂದರೆ ಆಯ್ತು. ಚಿತ್ರ ಬಿಡಿಸುವುದೆಲ್ಲ ನಿಮ್ಮ ಕಂಪ್ಯೂಟರ್ ಕೆಲಸ. ಎಲ್ಲ ಕೂಡಿದರೂ ನಮ್ಮ ಮನೆಗೆ ಮೂವತ್ತರ ಆಸುಪಾಸು. ಅಂದರೆ ಕಾಗದದ ಮೇಲೆ 40ರ ಪ್ಲಾನೇ ಸಾಕಿತ್ತು!

ಇಲ್ಲೇ ಒಂದು ಮಾತು. ಟಿವಿ 4ಕೆ ಇದ್ದ ಮಾತ್ರಕ್ಕೆ 4ಕೆ ಬರುವುದಿಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ ಅದು ಪ್ರೀಮಿಯಂ ಪ್ಲಾನ್‌ಗೆ ಮಾತ್ರ. ಸ್ಟ್ಯಾಂಡರ್ಡ್ ಇಟ್ಟುಕೊಂಡು 4ಕೆಗೋಸ್ಕರ 300 ಎಂಬಿಪಿಎಸ್ ಹಾಕಿಸಿದವರನ್ನು ನೋಡಿದ್ದೇನೆ. ಅವರು ನೋಡುತ್ತಿರುವುದು ಐದು ಎಂಬಿಪಿಎಸ್‌ನ ಚಿತ್ರ.

ಹಾಗಿದ್ದರೆ 40 ಬಿಟ್ಟಿದ್ದೇಕೆ? ಡೌನ್‌ಲೋಡ್‌ಗೆ. ಈಗಿನ ದೊಡ್ಡ ಗೇಮ್‌ಗಳು 100 ಜಿಬಿ ಆಚೀಚೆ ಇರುತ್ತವೆ. 40ರಲ್ಲಿ 100 ಜಿಬಿ ಇಳಿಯಲು ಐದೂವರೆ ಗಂಟೆ, ಅದೂ ಬೇರೆ ಯಾರೂ ನೆಟ್ ಮುಟ್ಟದಿದ್ದರೆ. 100ರಲ್ಲಿ ಎರಡೂಕಾಲು ಗಂಟೆ. 300ರಲ್ಲಿ ಮುಕ್ಕಾಲು ಗಂಟೆ. ಗೇಮ್ ಕೊಂಡು ಇಳಿಸುವ ಸ್ಟೀಮ್‌ನಲ್ಲಿ ಅಪ್‌ಡೇಟ್ ಶುರುವಾದರೆ ಸಿಕ್ಕಷ್ಟೂ ಎಳೆಯುತ್ತದೆ. ಆಗ 40ರ ಲೈನ್‌ನಲ್ಲಿ ಟಿವಿ ಮಸುಕಾಗುತ್ತಿತ್ತು, ಮೀಟಿಂಗ್‌ನಲ್ಲಿ ದನಿ ಕಟ್ ಆಗುತ್ತಿತ್ತು. 100ಕ್ಕೆ ಬಂದ ಮೇಲೆ ಅದು ಹೆಚ್ಚುಕಡಿಮೆ ನಿಂತಿತು. ಸ್ಟೀಮ್‌ನ ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್‌ಗೆ ಮಿತಿ ಹಾಕಬಹುದು, ಹೊತ್ತೂ ಗೊತ್ತು ಮಾಡಬಹುದು. ಬೆಳಗಿನ ಜಾವಕ್ಕೆ ಇಟ್ಟುಬಿಟ್ಟಿದ್ದೇವೆ.

300 ಬಂದಾಗ ಮೊದಲ ದಿನವೇ ಒಂದು ತಮಾಷೆ. ಸ್ಪೀಡ್ ಟೆಸ್ಟ್ ಮಾಡಿದರೆ ಫೋನ್‌ನಲ್ಲಿ 280, ವೈರ್ ಹಾಕಿದ ಲ್ಯಾಪ್‌ಟಾಪ್‌ನಲ್ಲಿ 94! ಎಷ್ಟು ಸಲ ಮಾಡಿದರೂ 94. ಈ ಅಂಕಿ ಕಂಡರೆ ಕಾರಣ ಹುಡುಕಿಕೊಂಡು ದೂರ ಹೋಗಬೇಡಿ. ದಾರಿಯಲ್ಲಿ ಎಲ್ಲೋ 100 ಎಂಬಿಪಿಎಸ್‌ಗೇ ನಿಲ್ಲುವ ಪೋರ್ಟ್ ಇದೆ, ಇಲ್ಲವೇ ಕೇಬಲ್‌ನ ಎಂಟು ಎಳೆಗಳಲ್ಲಿ ನಾಲ್ಕೇ ಕೂಡಿವೆ. ನಮ್ಮದು ಎರಡನೆಯದು. ಕೇಬಲ್ ತುದಿಗೆ ಕನೆಕ್ಟರ್ ಕೂರಿಸಿದ ಹುಡುಗ ನಾಲ್ಕು ಎಳೆ ಮಡಚಿ ಒಳಗೇ ತುರುಕಿದ್ದ. ಹೊಸ ಕನೆಕ್ಟರ್ ಹಾಕಿಸಿದ ಮೇಲೆ ಸರಿಹೋಯಿತು.

ಅದಾದ ಮೇಲೆ ಡೌನ್‌ಲೋಡ್ ನಿಜಕ್ಕೂ ಹಾರಿತು. ಗೇಮ್ ಮಾತ್ರ ಒಂದಿಷ್ಟೂ ಬದಲಾಗಲಿಲ್ಲ. ವ್ಯಾಲರಂಟ್‌ನ ಮುಂಬೈ ಸರ್ವರ್‌ಗೆ 100ರಲ್ಲಿ 28 ಮಿಲಿಸೆಕೆಂಡ್ ಪಿಂಗ್ ಇತ್ತು. 300ರಲ್ಲೂ 28. ಮಗನಿಗೆ ಸ್ವಲ್ಪ ಬೇಜಾರೇ ಆಯ್ತು. ಅದಕ್ಕೂ ಮೊದಲು ಅವನದು ಒಂದೇ ರಾಗ: "ಲ್ಯಾಗ್ ಆಗ್ತಿದೆ ಅಪ್ಪ, 300 ಹಾಕ್ಸಪ್ಪ."

ಪಿಂಗ್ ಅನ್ನುವುದು ನಿಮ್ಮ ಮನೆಯಿಂದ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸಾವಿರ ಕಿಲೋಮೀಟರ್ ದೂರದ ಸರ್ವರ್‌ಗೆ ಹೋಗಿ ಬರಲು ಏನೂ ಅಡ್ಡಿ ಇಲ್ಲದಿದ್ದರೂ 10 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್ ನೆಟ್ಟಗೆ ಹೋಗುವುದೂ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ದಾರಿ ತೋರಿಸುವ ಟ್ರೇಸ್‌ರೂಟ್ ಓಡಿಸಿ ನೋಡಿದರೆ ನಮ್ಮ ಲೈನ್ ಮೈಸೂರಿನಿಂದ ಬೆಂಗಳೂರು, ಅಲ್ಲಿಂದ ಚೆನ್ನೈ, ಆಮೇಲೆ ಮುಂಬೈ! ತಿಂಗಳಿಗೆ ಇನ್ನೂ ಐನೂರು ಜಾಸ್ತಿ ಕೊಟ್ಟರೆ ಈ ದಾರಿ ಹತ್ತಿರ ಆಗುವುದಿಲ್ಲ. ಅದು ಕಂಪನಿಯ ಕೈಯಲ್ಲಿದೆ, ಪ್ಲಾನ್‌ನಲ್ಲಿ ಇಲ್ಲ. ಕೌಂಟರ್ ಸ್ಟ್ರೈಕ್‌ಗೆ ಚೆನ್ನೈಯಲ್ಲೂ ಸರ್ವರ್ ಇರುವುದರಿಂದ ಅದರಲ್ಲಿ ಮಗನಿಗೆ ಪಿಂಗ್ ಇನ್ನೂ ಕಮ್ಮಿ. ಹೊಸ ಕನೆಕ್ಷನ್ ತೆಗೆದುಕೊಳ್ಳುವ ಮುಂಚೆ ಅದೇ ಕಂಪನಿ ಇರುವ ಪಕ್ಕದ ಮನೆಗೆ ಹೋಗಿ, ನೀವು ಆಡುವ ಗೇಮ್ ತೆರೆದು, ಪಿಂಗ್ ನೋಡಿ. ಸ್ಪೀಡ್ ಟೆಸ್ಟ್ ಆ್ಯಪ್‌ನ ಪಿಂಗ್ ನಂಬಬೇಡಿ. ಅದು ಹತ್ತಿರದ ಸರ್ವರ್ ಆರಿಸಿಕೊಂಡು ಮೂರೋ ನಾಲ್ಕೋ ತೋರಿಸಿ ಖುಷಿಪಡಿಸುತ್ತದೆ.

ಇಷ್ಟಾದರೂ ಮಗನ ದೂರು ಸುಳ್ಳಲ್ಲ. ಲ್ಯಾಗ್ ನಿಜವಾಗಿಯೂ ಆಗುತ್ತಿತ್ತು. ಯಾವಾಗ ಅನ್ನುವುದು ಒಂದು ಮದುವೆಯ ರಾತ್ರಿ ಗೊತ್ತಾಯಿತು. ನೆಂಟರೆಲ್ಲ ಮನೆಗೆ ಬಂದಿದ್ದರು. ಎಲ್ಲರ ಫೋನೂ ನಮ್ಮ ವೈಫೈ ಹಿಡಿದವು. ಎಲ್ಲರ ಫೋನಿನಲ್ಲೂ ಮದುವೆಯ ಫೋಟೋ, ವಿಡಿಯೋ. ಹೇಳದೆ ಕೇಳದೆ ಬ್ಯಾಕಪ್ ಶುರುವಾಯಿತು. ಗೇಮ್‌ನ ಮೂಲೆಯಲ್ಲಿ 28 ಇದ್ದ ಅಂಕಿ 60 ಆಯಿತು, 140 ಆಯಿತು, 200 ದಾಟಿತು. ಹಾಲ್‌ನಲ್ಲಿ ಟಿವಿ ಮಾತ್ರ ಆರಾಮಾಗಿ ಓಡುತ್ತಿತ್ತು. ನಾನು ಒಬ್ಬೊಬ್ಬರ ಫೋನಿನ ವೈಫೈ ಆಫ್ ಮಾಡಿಸುತ್ತಾ ಬಂದ ಹಾಗೆ ಅಂಕಿ ಇಳಿಯುತ್ತಾ ಬಂತು. ಚಿಕ್ಕಪ್ಪನ ಫೋನ್ ಆಫ್ ಆದಾಗ ಮತ್ತೆ 30ರ ಒಳಗೆ.

ಆಗುವುದೇನೆಂದರೆ, ಅಪ್‌ಲೋಡ್ ತುಂಬಿಹೋದಾಗ ರೂಟರ್ ಬಂದದ್ದನ್ನೆಲ್ಲ ಸಾಲಿನಲ್ಲಿ ನಿಲ್ಲಿಸುತ್ತದೆ. ಗೇಮ್‌ನ ಚಿಕ್ಕ ಪ್ಯಾಕೆಟ್ (ಮಾಹಿತಿಯ ತುಣುಕು) ಕೂಡ ಆ ಫೋಟೋಗಳ ಹಿಂದೆ ನಿಂತು ಕಾಯಬೇಕು. ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. 300ರಲ್ಲೂ ಇದು ಹೋಗಲಿಲ್ಲ. ಫೋಟೋಗಳು ಬೇಗ ಹತ್ತಿ ಮುಗಿಯುತ್ತಿದ್ದವು, ಅಷ್ಟೇ. ಮದ್ದು ರೂಟರ್‌ನಲ್ಲಿದೆ. ಎಸ್‌ಕ್ಯೂಎಂ ಅನ್ನುವ ಸೌಲಭ್ಯ ಇರುವ ರೂಟರ್ ಕೊಂಡು, ಅಪ್‌ಲೋಡ್ ಡೌನ್‌ಲೋಡ್ ಎರಡನ್ನೂ ಲೈನ್‌ನ ಶೇಕಡ 90ಕ್ಕೆ ಕಟ್ಟಿಹಾಕಿದೆ. ಸಾಲು ಕಂಪನಿಯ ಡಬ್ಬದಲ್ಲಿ ಬೆಳೆಯುವ ಬದಲು ನಮ್ಮ ರೂಟರ್ ಕೈಗೆ ಬರುತ್ತದೆ, ಅದು ಚಿಕ್ಕ ಪ್ಯಾಕೆಟ್‌ಗಳಿಗೆ ದಾರಿ ಬಿಡುತ್ತದೆ. 100ರಲ್ಲಿ ಹತ್ತು ಎಂಬಿಪಿಎಸ್ ಬಿಟ್ಟುಕೊಟ್ಟೆವು. ಯಾರಿಗೂ ಗೊತ್ತಾಗಲಿಲ್ಲ. ಈಗ ಎಷ್ಟೇ ಬ್ಯಾಕಪ್ ಓಡಿದರೂ ಪಿಂಗ್ 35 ದಾಟುವುದು ಅಪರೂಪ. ಈ ಮೂರು ವರ್ಷದಲ್ಲಿ ನೆಟ್‌ಗೆ ಹಾಕಿದ ದುಡ್ಡಿನಲ್ಲಿ ಅತಿ ಚೆನ್ನಾಗಿ ಖರ್ಚಾದದ್ದು ಅಂದರೆ ಆ ರೂಟರ್.

ಲ್ಯಾಗ್‌ಗೆ ಎರಡನೆಯ ಮದ್ದು ಕೇಬಲ್. ಮಗನ ರೂಮು ಮೇಲಿನ ಮಹಡಿಯಲ್ಲಿ. ಕೆಳಗಿನ ವೈಫೈ ಅಲ್ಲಿಗೆ ಹೋಗುತ್ತದೆ, ಆದರೆ 2.4 ಗಿಗಾಹರ್ಟ್ಸ್‌ನಲ್ಲಿ. ಅಕ್ಕಪಕ್ಕದ ಮನೆಗಳ ವೈಫೈ ಎಲ್ಲ ಅದರಲ್ಲೇ ನುಗ್ಗಾಡುತ್ತಿರುತ್ತವೆ. ಮೈಕ್ರೋವೇವ್ ಓವನ್ ಕೂಡ ಅದೇ ಜಾಗದಲ್ಲಿ ಗಲಾಟೆ ಮಾಡುತ್ತದೆ. 5 ಗಿಗಾಹರ್ಟ್ಸ್ ಚೆನ್ನಾಗಿದೆ, ಮೋಲ್ಡ್ ದಾಟಿ ಮೇಲೆ ಹೋಗುವಷ್ಟರಲ್ಲಿ ಸುಸ್ತಾಗುತ್ತದೆ. ಎಲ್ಲಿ ತೊಂದರೆ ಅಂತ ನೋಡಲು ಸುಲಭದ ದಾರಿ ಇದೆ. ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ನಿಮ್ಮ ರೂಟರ್‌ಗೇ ಪಿಂಗ್ ಮಾಡಿ. ಹಲವು ಮನೆಗಳಲ್ಲಿ ಅದರ ವಿಳಾಸ 192.168.1.1. ಅಲ್ಲೇ ಅಂಕಿ 2, 3, 70, 4, 90 ಅಂತ ಕುಣಿಯುತ್ತಿದ್ದರೆ ತೊಂದರೆ ನಿಮ್ಮ ವೈಫೈಯದು. ಕಂಪನಿಗೆ ಬೈದು ಫಲವಿಲ್ಲ. ಅಲ್ಲಿ ಒಂದೆರಡರಲ್ಲಿ ನಿಂತಿದ್ದು ಹೊರಗಿನ ಪಿಂಗ್ ಕುಣಿದರೆ ಆಗ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ. ನಮ್ಮದು ಮೊದಲನೆಯ ಜಾತಿ. ಕ್ಯಾಟ್ 6 ಕೇಬಲ್ ತಂದು ಬಾಲ್ಕನಿ ಕಡೆಯಿಂದ ಮೇಲೆ ಎಳೆಸಿದೆ. ಮಗ ರಾಗ ಹಾಡುವುದು ನಿಂತಿದ್ದು ಆವತ್ತಿನಿಂದ.

ಇನ್ನು ಸರ್ವೀಸ್. ಇದಕ್ಕೆ ಐದಕ್ಕೆ ಮೂರು ಕೊಡಬಹುದು. ಒಂದು ಮಳೆಗಾಲದಲ್ಲಿ ಗೋಡೆಯ ಮೇಲಿನ ಬಿಳಿ ಡಬ್ಬದಲ್ಲಿ ಎಲ್‌ಒಎಸ್ (ಫೈಬರ್‌ನಲ್ಲಿ ಸಿಗ್ನಲ್ ಇಲ್ಲ) ಅನ್ನುವ ಕೆಂಪು ದೀಪ ಬಂದುಹೋಗಿ ಮಾಡುತ್ತಿತ್ತು. ಫೋನ್ ಮಾಡಿದರೆ "ನಮ್ ಕಡೆಯಿಂದ ಫುಲ್ ಬರ್ತಿದೆ ಸಾರ್, ನಿಮ್ ವೈಫೈ ಪ್ರಾಬ್ಲಮ್" ಅನ್ನುವುದೇ ಉತ್ತರ. ಕೊನೆಗೆ ಬಂದ ಹುಡುಗ ಬುದ್ಧಿವಂತ. ಮಾತಾಡದೆ ಫೈಬರ್ ಬಿಚ್ಚಿ ಮೀಟರ್‌ಗೆ ಹಾಕಿದ. ಬರುವ ಬೆಳಕಿನ ಬಲ ಮೈನಸ್ 27 ತೋರಿಸಿತು. "ಇಷ್ಟರಲ್ಲಿ ನಡೀತಿತ್ತಾ ಸಾರ್?" ಅಂತ ಅವನಿಗೇ ಆಶ್ಚರ್ಯ. ಬೆಳಕು ಅಷ್ಟು ಕಮ್ಮಿ ಬಂದರೆ ಲೈನ್ ಯಾವಾಗ ಬೇಕಾದರೂ ಬೀಳಬಹುದು. ಕಂಬದ ಮೇಲಿನ ಡಬ್ಬಿಯಲ್ಲಿ ನೀರು ಸೇರಿತ್ತು. ಫೈಬರ್ ತುದಿಗಳನ್ನು ಹೊಸದಾಗಿ ಜೋಡಿಸಿ ಬಂದ ಮೇಲೆ ಮೈನಸ್ 20. ಅಲ್ಲಿಂದ ಇಲ್ಲಿಯವರೆಗೆ ಕೆಂಪು ದೀಪ ಬಂದಿಲ್ಲ. ನಿಮ್ಮ ಮನೆಗೆ ಯಾರಾದರೂ ಬಂದರೆ ಈ ಅಂಕಿ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಜಗಳಕ್ಕೆ ಅನುಕೂಲ.

ಕರೆಂಟ್ ವಿಷಯವೂ ಗೇಮ್‌ಗೆ ಸಂಬಂಧಪಟ್ಟದ್ದೇ. ಮನೆಗೆ ಯುಪಿಎಸ್ ಇದೆ. ಆದರೆ ಕರೆಂಟ್ ಹೋಗಿ ಯುಪಿಎಸ್ ಹಿಡಿಯುವ ಆ ಕ್ಷಣದಲ್ಲಿ ರೂಟರ್ ರೀಸ್ಟಾರ್ಟ್ ಆಗುತ್ತಿತ್ತು. ಮತ್ತೆ ನೆಟ್ ಬರಲು ಎರಡು ಮೂರು ನಿಮಿಷ. ರ‍್ಯಾಂಕ್ ಮ್ಯಾಚ್ ನಡುವೆ ಹಾಗಾದರೆ ಸೋಲಿನ ಜೊತೆ ಪೆನಾಲ್ಟಿ ಬೇರೆ. ರೂಟರ್‌ಗೆಂದೇ ಬರುವ 12 ವೋಲ್ಟ್‌ನ ಮಿನಿ ಯುಪಿಎಸ್ ಹಾಕಿದ ಮೇಲೆ ಅದೂ ನಿಂತಿತು. ಕೊಳ್ಳುವ ಮುಂಚೆ ನಿಮ್ಮ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪ್ ಬರೆದಿದೆ ನೋಡಿಕೊಳ್ಳಿ.

ಕ್ರಿಕೆಟ್ ನೋಡುವವರಿಗೆ: ಐಪಿಎಲ್ ಹೊತ್ತಿಗೆ ಪಕ್ಕದ ಮನೆಯ ಡಿಶ್‌ನಲ್ಲಿ ಸಿಕ್ಸರ್ ಬಿದ್ದು ಅವರು ಕೂಗಾಡಿ ಆದ ಮೇಲೆ ನಮ್ಮ ಟಿವಿಯಲ್ಲಿ ಬೌಲರ್ ಓಡಿ ಬರುತ್ತಾನೆ. 300ರಲ್ಲೂ ಹಾಗೇ ಇತ್ತು. ಆ್ಯಪ್ ಬೇಕೆಂದೇ ಕೆಲವು ಸೆಕೆಂಡ್ ಮೊದಲೇ ತುಂಬಿಸಿಟ್ಟುಕೊಂಡು ಓಡಿಸುತ್ತದೆ. ಸ್ಪೀಡ್‌ಗೂ ಇದಕ್ಕೂ ಸಂಬಂಧ ಇಲ್ಲ. ಕಿಟಕಿ ಮುಚ್ಚುವುದೊಂದೇ ದಾರಿ.

ಹಾಗಂತ 300 ಯಾರಿಗೂ ಬೇಡ ಅನ್ನುತ್ತಿಲ್ಲ. ಮನೆಯಲ್ಲಿ ಎರಡು ಮೂರು 4ಕೆ ಟಿವಿ ಒಟ್ಟಿಗೆ ಓಡುತ್ತಿದ್ದರೆ, ವಾರಕ್ಕೊಂದು ಹೊಸ ಗೇಮ್ ಇಳಿಸುವವರಿದ್ದರೆ, ವಿಡಿಯೋ ಎಡಿಟ್ ಮಾಡಿ ಕಳಿಸುವ ಕೆಲಸ ಇದ್ದರೆ ಹಾಕಿಸಿ. ತಾವು ಆಡುವುದನ್ನು ಲೈವ್ ಬಿಡುವವರು ಅಪ್‌ಲೋಡ್ ನೋಡಬೇಕು. ಟ್ವಿಚ್‌ನಲ್ಲಿ ಫುಲ್ ಎಚ್‌ಡಿಗೆ 6 ಎಂಬಿಪಿಎಸ್ ಸಾಕು, ಆದರೆ ಅದು ಅಲುಗಾಡದೆ ಹೋಗಬೇಕು. ಕೆಲವು ಪ್ಲಾನ್‌ಗಳಲ್ಲಿ ಡೌನ್‌ಲೋಡ್ 100 ಅಂತ ದಪ್ಪಗೆ ಬರೆದು ಅಪ್‌ಲೋಡ್ ಬಗ್ಗೆ ತುಟಿ ಬಿಚ್ಚುವುದಿಲ್ಲ. ಬಾಯಿಬಿಟ್ಟು ಕೇಳಿ. ಪ್ಲೇಸ್ಟೇಷನ್ ಇರುವವರು ನ್ಯಾಟ್ ಟೈಪ್ (ಬೇರೆ ಆಟಗಾರರ ಜೊತೆ ಕೂಡಲು ಲೈನ್ ಎಷ್ಟು ಬಿಡುತ್ತದೆ ಅನ್ನುವುದು) ಕೂಡ ಕೇಳಿ. ಹಲವು ಮನೆಗಳಿಗೆ ಒಂದೇ ಐಪಿ ಹಂಚುವ ಕಂಪನಿಗಳಲ್ಲಿ ಗೆಳೆಯರ ಜೊತೆ ಪಾರ್ಟಿ ಕೂಡದೆ ಒದ್ದಾಡಬೇಕಾಗುತ್ತದೆ.

ದುಡ್ಡಿನ ಲೆಕ್ಕ ಹಾಕುವಾಗ ಜಾಹೀರಾತಿನ ದರಕ್ಕೆ ಶೇಕಡ 18 ಜಿಎಸ್‌ಟಿ ಸೇರಿಸಿಕೊಳ್ಳಿ. ಅನ್‌ಲಿಮಿಟೆಡ್ ಅಂದರೂ ಬಹಳ ಕಡೆ ತಿಂಗಳಿಗೆ 3,300 ಜಿಬಿ ಮಿತಿ ಇರುತ್ತದೆ. ಅದಕ್ಕೆ ಹೆದರುವುದು ಬೇಡ. 4ಕೆ ಸಿನಿಮಾ ಗಂಟೆಗೆ 7 ಜಿಬಿ ಎಳೆದರೂ, ದಿನಕ್ಕೆ ಮೂರು ಗಂಟೆ ನೋಡಿದರೆ ತಿಂಗಳಿಗೆ 630 ಆಗುತ್ತದೆ. ನಮ್ಮದು ಯಾವ ತಿಂಗಳೂ ಅರ್ಧ ದಾಟಿಲ್ಲ.

ಒಂದು ವರ್ಷದ್ದು ಒಟ್ಟಿಗೆ ಕಟ್ಟಿದರೆ ಒಂದೆರಡು ತಿಂಗಳು ಫ್ರೀ ಅನ್ನುತ್ತಾರೆ. ಹೊಸ ಲೈನ್ ಆದರೆ ಮೊದಲ ಮಳೆಗಾಲ ಕಳೆಯುವವರೆಗೂ ತಿಂಗಳ ಬಿಲ್‌ನಲ್ಲೇ ಇರಿ. ಡಬ್ಬಿಗೆ ನೀರು ಹೋಗುತ್ತದೋ ಇಲ್ಲವೋ ಅಂತ ಗೊತ್ತಾಗುವುದು ಆಗಲೇ.